ಹೆಪ್ಪು

ಪ್ರಯೋಗ ಸೋತಿತ್ತು. ಎಲ್ಲರೂ ಒಳ್ಳೆಯವರಾಗಿಬಿಟ್ಟದ್ದೇ ಸೋಲಿಗೆ ಕಾರಣ.

ಧಾರವಾಡದ ಹೊರಗೆ ಗುಡ್ಡದ ಮೇಲಿದ್ದ ಸಂಶೋಧನಾ ಕೇಂದ್ರದಲ್ಲಿ, ಗೋಡೆಯಗಲದ ಪರದೆಯ ಮೇಲೆ ಎರಡು ಗೆರೆಗಳು ಜೊತೆಜೊತೆಯಾಗಿ ಕೆಳಗಿಳಿಯುತ್ತಿದ್ದವು. ನೀಲಿ ಗೆರೆ ಔಷಧಿ ಬೆರೆಸಿದ ಮೊಸರು ತಿಂದ ಗಂಡಸರ ಸಿಟ್ಟಿನದು. ಬೂದು ಗೆರೆ ಬರೀ ಮೊಸರು ತಿಂದವರದು. ನೀಲಿ ಇಳಿಯಬೇಕಿತ್ತು, ಬೂದು ಇದ್ದಲ್ಲೇ ಇರಬೇಕಿತ್ತು. ಬೂದು ಗೆರೆ ತುಸು ತಡವಾಗಿ ಹೊರಟು, ನೀಲಿಯ ಬೆನ್ನು ಹಿಡಿದು, ಈಗ ಅದರ ಪಕ್ಕದಲ್ಲೇ ನಡೆಯುತ್ತಿತ್ತು.

ಈ ಗಂಡಸರೆಲ್ಲ ಹುಬ್ಬಳ್ಳಿಯ ಒಂದೇ ಭಾಗದವರು, ಹೆಂಡತಿಯನ್ನು ಹೊಡೆದು ನ್ಯಾಯಾಲಯದ ಮೆಟ್ಟಿಲು ಹತ್ತಿದವರು. ಜೈಲಿನ ಬದಲು ಪ್ರಯೋಗಕ್ಕೆ ಒಪ್ಪಿದವರು. ದಿನಾ ಬೆಳಿಗ್ಗೆ ಕೇಂದ್ರದ ವ್ಯಾನಿನ ಹತ್ತಿರ ಬಂದು ಒಂದು ಬಟ್ಟಲು ಮೊಸರು ತಿನ್ನಬೇಕು. ಅದರೊಳಗಿನ ಬ್ಯಾಕ್ಟೀರಿಯಾಕ್ಕೆ ಕೇಂದ್ರದವರು 'ಶಾಮಕ' ಎಂದು ಹೆಸರಿಟ್ಟಿದ್ದರು. ಅದು ಕರುಳಿನಲ್ಲಿ ಬೀಡುಬಿಟ್ಟು ಒಂದು ರಸ ತಯಾರಿಸುತ್ತದೆ. ಹೊಟ್ಟೆಯಿಂದ ಮಿದುಳಿಗೆ ಹೋಗುವ ನರದ ಮೇಲೆ ಆ ರಸ ಕೆಲಸ ಮಾಡುತ್ತದೆ. ಕೈ ಏಳುವ ಮುಂಚೆ ಮನುಷ್ಯನೊಳಗೆ ಒಂದು ಝಳ ಏಳುತ್ತದಲ್ಲ, ಅದು ಏಳುವುದಿಲ್ಲ. ಅಷ್ಟೇ. ಮಂಕಿಲ್ಲ, ತೂಕಡಿಕೆಯಿಲ್ಲ. ಮನುಷ್ಯ ಕೆಲಸಕ್ಕೆ ಹೋಗುತ್ತಾನೆ, ನಗುತ್ತಾನೆ, ಲೆಕ್ಕ ತಪ್ಪುವುದಿಲ್ಲ. ಝಳ ಮಾತ್ರ ಇಲ್ಲ.

"ಬರೀ ಮೊಸರು ತಿಂದ ಗಂಡಸ್ರು ಯಾಕ್ರೀ ಸುಧಾರಿಸ್ಯಾರ?" ಕೇಂದ್ರದ ನಿರ್ದೇಶಕ ಇನಾಮದಾರ ಮೇಜು ಬಡಿದರು. "ಹಂಗಂದ್ರ ನಮ್ಮ ಔಷಧನೂ ಒಂದ, ಅಂಗಡಿ ಮೊಸರೂ ಒಂದ ಅಂತ ಬರದ ಕೊಡ್ಲೇನು?"

ಕೇಂದ್ರದ ವಿಜ್ಞಾನಿ ವಾರಿಜಾ ಪರದೆಯ ಹತ್ತಿರ ಹೋಗಿ ಬೂದು ಗೆರೆಯನ್ನು ನೋಡಿದಳು. ಶಾಮಕವನ್ನು ಬೆಳೆಸಿದವಳು ಅವಳು. ಅದಕ್ಕೆ ಬೀಗ ಹಾಕಿದವಳೂ ಅವಳೇ. ಒಂದು ಪೋಷಕಾಂಶವನ್ನು ತಾನೇ ತಯಾರಿಸಿಕೊಳ್ಳಲಾರದಂತೆ ಅದನ್ನು ಕುಂಟಾಗಿಸಿ, ಆ ಪೋಷಕಾಂಶವನ್ನು ಕೇಂದ್ರದ ಬಟ್ಟಲಿನಲ್ಲಿ ಮಾತ್ರ ಬೆರೆಸುತ್ತಿದ್ದಳು. ಬಟ್ಟಲು ನಿಂತರೆ ಕೆಲವೇ ದಿನಗಳಲ್ಲಿ ಶಾಮಕ ಸಾಯುತ್ತದೆ. ಯಾರಿಗೂ ಅಂಟಲಾರದು. ಹಾಗೆಂದು ಅವಳು ಸಮಿತಿಯ ಮುಂದೆ ಮಾತು ಕೊಟ್ಟಿದ್ದಳು.

ಅವತ್ತು ಮಧ್ಯಾಹ್ನ ಪರೀಕ್ಷೆಯ ಫಲಿತಾಂಶ ಬಂತು. ಬೂದು ಗೆರೆಯ ಗಂಡಸರ ಹೊಟ್ಟೆಯಲ್ಲೂ ಶಾಮಕ ಇತ್ತು.

"ಬಟ್ಟಲಾ ಅದಲಾಬದಲಿ ಆಗ್ಯಾವ. ಯಾರೋ ಕಣ್ಣ ಮುಚ್ಚಕೊಂಡ ಕೆಲಸಾ ಮಾಡ್ಯಾರ," ಎಂದರು ಇನಾಮದಾರ.

ಆಗಿರಬಹುದು. ಆದರೂ ಒಮ್ಮೆ ನೋಡಿ ಬರುತ್ತೇನೆಂದು ವಾರಿಜಾ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಲೇತ್ ಕಾರ್ಖಾನೆಗಳ ಹಿಂದಿನ ಒಂದು ಓಣಿಯಲ್ಲಿ ನೀಲಿ ಗೆರೆಯವನೊಬ್ಬ, ಬೂದು ಗೆರೆಯವನೊಬ್ಬ ಅಕ್ಕಪಕ್ಕದ ಮನೆಯಲ್ಲಿದ್ದರು.

*

ನೀಲಿಯವನ ಹೆಸರು ಫಕೀರಪ್ಪ. ಲೇತ್ ಯಂತ್ರದ ಮೇಲೆ ಕಬ್ಬಿಣ ಕೆತ್ತುವ ಕೆಲಸ. ಅವನ ಹೆಂಡತಿ ಶಾವಂತ್ರೆವ್ವ ಬಾಗಿಲಿಗೆ ಬಂದು, ಬಂದವಳು ಮೊಸರಿನ ವ್ಯಾನಿನ ಕಡೆಯವಳೆಂದು ತಿಳಿದದ್ದೇ, ಚಾಪೆ ಹಾಸಿದಳು. ಅವಳ ಎಡ ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಫಕೀರಪ್ಪನನ್ನು ನ್ಯಾಯಾಲಯಕ್ಕೆ ಕಳಿಸಿದ ಮಣಿಕಟ್ಟು ಅದೇ.

"ಬಾಯಾರ, ಬಿಸಲಾಗ ಬಂದೀರಿ, ಮೊದಲ ಮಜ್ಜಿಗಿ ಕುಡೀರಿ."

ವಾರಿಜಾ ಅರ್ಧ ಲೋಟ ಕುಡಿದಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ಹುಲಿಗೆವ್ವ, ಅಂದರೆ ಬೂದು ಗೆರೆಯವನ ಹೆಂಡತಿ, ಸ್ಟೀಲಿನ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಳು.

"ಶಾವಂತ್ರೆಕ್ಕಾ, ಒಂದ ಚಮಚಾ ಹೆಪ್ಪು ಕೊಡವಾ. ನಿನ್ನಿ ಕೇಳಾಕ ಬಂದ್ರ ದೀಪಾ ಹಚ್ಚೇನಿ, ಈಗ ಕೊಡಬಾರದು ಅಂತ ಹೊಳ್ಳಿ ಕಳಿಸಿದಿ."

"ನಿಮ್ಮ ಮನ್ಯಾಂವ ಮತ್ತ ಗಡಿಗಿ ಬಳದ ನೆಕ್ಕ್ಯಾನೇನು?"

"ನೆಕ್ಕಿ ತೊಳದೂ ಇಟ್ಟಾನ! ಮೊದಲ ಗಡಿಗಿ ನನ್ನ ತಲಿಮ್ಯಾಲ ಒಡೀತಿದ್ದ, ಈಗ ತೊಳೀತಾನ. ಯಾವದಕ್ಕ ಅಂತ ಬೈಲಿ?"

ಇಬ್ಬರೂ ನಕ್ಕರು. ಶಾವಂತ್ರೆವ್ವ ಮಣ್ಣಿನ ಗಡಿಗೆಯಿಂದ ಒಂದು ಚಮಚ ಮೊಸರು ತೆಗೆದು ಬಟ್ಟಲಿಗೆ ಹಾಕಿದಳು. ವಾರಿಜಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ನಿಮ್ಮ ಹೆಪ್ಪು ಎಲ್ಲೀದು?" ಎಂದು ಕೇಳಿದಳು.

"ನಮ್ಮ ಅತ್ತಿ ಕಾಲದ್ದರಿ. ಬರಬರತಾ ಹುಳಿ ಆಗಿತ್ತು. ಆಮ್ಯಾಲ ನಿಮ್ಮ ಮೊಸರು ಬಂತು ನೋಡ್ರಿ..." ಶಾವಂತ್ರೆವ್ವ ಗಡಿಗೆಯ ಬಾಯಿ ಮುಚ್ಚಿದಳು. "ಐತವಾರ ನಿಮ್ಮ ವ್ಯಾನು ಬರಂಗಿಲ್ಲ, ಬಟ್ಟಲಾ ಹಿಂದಿನ ದಿನಾನ ಮನೀಗೆ ಕೊಡ್ತೀರಿ. ಪೂರಾ ತಿನ್ನಬೇಕು ಅಂದಿದ್ರಿ. ಆದ್ರ ಮೊಸರಿನ ಬಟ್ಟಲಾ ಬಳದ ಖಾಲಿ ಮಾಡಬಾರದಲ್ರೀ. ಒಂದ ಚಮಚಾ ಉಳಿಸಿ ನಮ್ಮ ಗಡಿಗ್ಯಾಗ ಬಿಟ್ಟೆ. ಕಲ್ಲಿನಂಗ ಗಟ್ಟಿ ಆತು. ಅವತ್ತಿಂದ ಓಣ್ಯಾಗಿನವರು, ಆಚೀಚಿ ಓಣಿಯವರು ಎಲ್ಲಾರೂ ಇಲ್ಲೇ ಬರ್ತಾರ. ತಪ್ಪಾತೇನ್ರೀ?"

ವಾರಿಜಾಳ ಬೀಗ ಅವಳ ಕಣ್ಣೆದುರೇ ತೆರೆದು ಬಿದ್ದಿತ್ತು. ಕುದಿಸಿ ಸೋಸಿದ ಹಾಲಿನಲ್ಲಿ, ಪ್ಯಾಕೆಟ್ಟಿನ ಮೊಸರಿನಲ್ಲಿ ಅವಳು ಶಾಮಕವನ್ನು ಪರೀಕ್ಷಿಸಿದ್ದಳು. ಎಲ್ಲದರಲ್ಲೂ ಅದು ಸತ್ತಿತ್ತು. ಆದರೆ ತಲೆಮಾರಿನಿಂದ ಬಂದ ಮನೆಯ ಹೆಪ್ಪಿನಲ್ಲಿ ಹೆಸರಿಲ್ಲದ ಜೀವಿಗಳ ಒಂದು ಸಂತೆಯೇ ಇರುತ್ತದೆ. ಅವುಗಳಲ್ಲಿ ಯಾವುದೋ ಒಂದು ಈ ಕುಂಟನಿಗೆ ಊಟ ಹಾಕಿ ಸಾಕಿಕೊಂಡಿತ್ತು. ವಾರಿಜಾ ವರ್ಷಗಳಿಂದ ಮೊಸರನ್ನು ಅಂಗಡಿಯಿಂದ ತರುತ್ತಿದ್ದಳು. ಮೊಸರು ಮೊಸರಿನಿಂದಲೇ ಆಗುತ್ತದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು.

"ಓಣ್ಯಾಗ ಎಲ್ಲಾರೂ ತಿಂತಾರೇನು?"

"ನಾ ಒಬ್ಬಾಕಿ ಬಿಟ್ಟು. ನನಗ ದಮ್ಮು ಐತ್ರಿ, ಮೊಸರು ತಿಂದ್ರ ಎದಿ ಕಟ್ಟತೈತಿ." ಶಾವಂತ್ರೆವ್ವ ಹೊರಗೆ ನೋಡಿದಳು. ನಲ್ಲಿಯ ಮುಂದೆ ಹೆಂಗಸರು ಸಾಲಾಗಿ, ಸದ್ದಿಲ್ಲದೆ ನಿಂತಿದ್ದರು. "ಎಲ್ಲಾ ಚೊಲೋ ಆಗೇತ್ರಿ. ಒಂದ ಬಿಟ್ಟು."

*

ಆ ಒಂದು, ಅವಳ ಮಗಳು ವಿಜಿ.

ವಿಜಿಗೆ ಹದಿನೆಂಟು. ಪಿಯುಸಿ ಕಾಲೇಜಿನ ಖೋ ಖೋ ತಂಡದಲ್ಲಿ ಓಡುತ್ತಿದ್ದವಳು. ಮಾತು ಕಲಿತಾಗ ಅವಳ ಬಾಯಿಂದ ಬಂದ ಮೊದಲ ಶಬ್ದವೇ 'ಒಲ್ಲೆ'. ಹಾಲು ಒಲ್ಲೆ, ಲಂಗ ಒಲ್ಲೆ, ಎಣ್ಣೆ ಒಲ್ಲೆ. ಪಾಸ್ ಇದ್ದರೂ ಬಸ್ಸಿನಿಂದ ಇಳಿಸಿದ ಕಂಡಕ್ಟರನನ್ನು ಡಿಪೋದವರೆಗೆ ಹಿಂಬಾಲಿಸಿ ಹೋಗಿ ಜಗಳವಾಡಿ ಬಂದಿದ್ದಳು.

ಹೋದ ವರ್ಷ ಫಕೀರಪ್ಪನ ಅಕ್ಕ ನೀಲವ್ವ ಈ ಹುಡುಗಿಯನ್ನು ತನ್ನ ಮಗ ಸಂಗನಬಸುವಿಗೆ ಕೇಳಲು ಬಂದಿದ್ದಳು. ಸಂಗನಬಸುವಿನ ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿತು ಎಂದು ಮನೆಯವರು ಹೇಳಿದರು. ಆಕೆಯ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಗುರುತಿತ್ತು ಎಂದು ಹೆಣ ತೊಳೆದವರು ಹೇಳಿದರು. ವಿಜಿ ಬಂದವರ ಮುಂದೆಯೇ ಅವಲಕ್ಕಿಯ ತಾಟು ನೂಕಿ "ನಾ ಒಲ್ಲೆ" ಎಂದಿದ್ದಳು. ಫಕೀರಪ್ಪ ಕಬ್ಬಿಣದ ಪೈಪು ಹಿಡಿದು ಸ್ವಂತ ಅಕ್ಕನನ್ನು ಓಣಿಯ ತುದಿಯವರೆಗೆ ಅಟ್ಟಿದ್ದ. ಅವತ್ತು ಒಂದು ದಿನ ಶಾವಂತ್ರೆವ್ವನಿಗೆ ಗಂಡನ ಸಿಟ್ಟಿನ ಮೇಲೆ ಪ್ರೀತಿ ಬಂದಿತ್ತು.

ಹೋದ ವಾರ ನೀಲವ್ವ ಮತ್ತೆ ಬಂದಿದ್ದಳು. ಫಕೀರಪ್ಪ ತಾನೇ ಚಹಾ ಮಾಡಿ ತಂದ. "ಅಕ್ಕ ಬಾಯಿಬಿಟ್ಟ ಕೇಳ್ಯಾಳ, ಬ್ಯಾಡ ಅನ್ನೂದು ಹೆಂಗ?" ಎಂದ. ಎಲ್ಲರೂ ವಿಜಿಯ ಮುಖ ನೋಡಿದರು. ವಿಜಿ ಅವಲಕ್ಕಿಯ ತಾಟನ್ನು ಅತ್ತೆಯ ಕಡೆ ಸರಿಸಿ, "ಆತು" ಎಂದಳು.

ಶಾವಂತ್ರೆವ್ವ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ವಾರಿಜಾ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. "ಆ ಮನುಷ್ಯಾನ ಸುದ್ದಿ ನಿನಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಬಾವಿದು, ಇಸ್ತ್ರಿ ಪೆಟಗೀದು, ಎಲ್ಲಾ ಗೊತ್ತೈತಿ."

"ಮತ್ತ ಒಲ್ಲೆ ಅನಸೂದಿಲ್ಲ?"

ವಿಜಿ ಪ್ರಾಮಾಣಿಕವಾಗಿ ಯೋಚಿಸಿದಳು. ಹಣೆಯ ಮೇಲೆ ಗೆರೆ ಮೂಡಿ ಮಾಯವಾಯಿತು. "ಅನಸಬೇಕು ಅಂತ ಗೊತ್ತಾಗತೈತ್ರಿ. ಆದ್ರ ಅನಸೂದಿಲ್ಲ. ಮೊದಲ ಇಲ್ಲಿ ಏನೋ ಏಳತಿತ್ತು," ಅವಳು ಪಕ್ಕೆಲುಬಿನ ಕೆಳಗೆ ಕೈಯಿಟ್ಟಳು. "ಈಗ ಅರಾಮ ಐತಿ."

ಶಾವಂತ್ರೆವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಬಾಯಾರ, ನನಗ ಇಕೀ ಸಿಟ್ಟು ಹೊಳ್ಳಿ ಬೇಕು. ಹೆಂಗರ ಮಾಡ್ರಿ. ನಿಶ್ಚಯ ಇಟಗೊಂಡಾರ."

*

ಇನಾಮದಾರರು ಪೂರ್ತಿ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

"ಅಂದ್ರ ಪ್ರಯೋಗ ಸೋತಿಲ್ಲ! ಇಡೀ ಓಣಿ, ಒಂದ ಚಮಚಾದಾಗ! ಆ ಓಣಿಯಿಂದ ಪೊಲೀಸ್ ಠಾಣೆಗೆ ಒಂದ ತಕರಾರು ಹೋಗಿಲ್ಲ, ಗೊತ್ತೇನು?"

"ಸರ್, ಅವರು ಯಾರೂ ಒಪ್ಪಿಗಿ ಕೊಟ್ಟಿಲ್ಲ."

"ಈಗ ಕೇಳ್ರಲ್ಲ. ಒಬ್ಬರರ ಬ್ಯಾಡ ಅಂತಾರೇನು ನೋಡೋಣ." ಅವರು ತಮ್ಮ ಮಾತಿಗೆ ತಾವೇ ನಕ್ಕರು. "ವರದಿ ನಾ ಬರೀತೇನಿ. ಅಲ್ಲೀತನಕಾ ಬಾಯಿ ಮುಚ್ಚಕೊಂಡ ಇರ್ರಿ."

ವಾರಿಜಾ ಬಾಯಿ ಮುಚ್ಚಿಕೊಂಡು ಶೀತಲ ಕೊಠಡಿಗೆ ಹೋದಳು. ಎಂದಾದರೂ ಬೇಕಾದೀತು ಎಂದು ಅಲ್ಲಿ ಒಂದು ವೈರಸ್ಸನ್ನು ಕಾಯ್ದಿಟ್ಟಿದ್ದರು. ಅದು ಮನುಷ್ಯನಿಗೆ ಏನೂ ಮಾಡುವುದಿಲ್ಲ, ಶಾಮಕವನ್ನಷ್ಟೇ ಹುಡುಕಿ ಕೊಲ್ಲುತ್ತದೆ. ಗಾಜಿನ ಒಂದು ಸೀಸೆಯನ್ನು ಅವಳು ಚೀಲದೊಳಗೆ ಹಾಕಿಕೊಂಡಳು.

ಮರುದಿನ ಅದನ್ನು ಶಾವಂತ್ರೆವ್ವನ ಕೈಯಲ್ಲಿಟ್ಟು ಹೇಳಿದಳು: "ಇದನ್ನ ಹೆಪ್ಪು ಹಾಕೂ ಮುಂದ ಗಡಿಗ್ಯಾಗ ಬಿಡ್ರಿ. ಅದು ಹೋದ ಹಾದ್ಯಾಗನ ಇದೂ ಹೋಗತೈತಿ. ದಿನಾ ಈ ಮೊಸರು ತಿಂದ್ರ ವ್ಯಾನಿನ ಬಟ್ಟಲಾನೂ ಕೆಲಸಾ ಮಾಡಂಗಿಲ್ಲ."

"ವಿಜಿಗೆ ಅಷ್ಟ ಕೊಡಾಕ ಬರೂದಿಲ್ಲೇನ್ರಿ?"

"ಒಂದ ಮನಿ, ಒಂದ ಗಡಿಗಿ. ಆಕಿಗೆ ಅಷ್ಟ ಕೊಟ್ರ ನಾಳೆ ಮತ್ತ ಅಂಟತೈತಿ. ಹೋದ್ರ ಎಲ್ಲಾರದೂ ಹೋಗಬೇಕು."

"ಅಂದ್ರ ನಮ್ಮ ಮನ್ಯಾವರದೂ."

"ಅವರದೂ," ಎಂದಳು ವಾರಿಜಾ. ಅವಳ ಕಣ್ಣು ಸೊಟ್ಟ ಮಣಿಕಟ್ಟಿನಿಂದ ಬೇಗನೆ ಸರಿಯಿತು. "ನಿಶ್ಚಯ ಆಗೂದು ಬಿಡೂದು ಅವರ ಮಾತಿನ ಮ್ಯಾಲೂ ಐತಲ್ಲ. ಹಿಂದ ಪೈಪು ಹಿಡದ ಅಟ್ಟಿದ್ರು ಅಂದ್ರಿ."

ಶಾವಂತ್ರೆವ್ವ ಸೀಸೆಯನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದಳು.

ಸಂಜೆ ಫಕೀರಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದು, ಔಡಲೆಣ್ಣೆ ಬಿಸಿ ಮಾಡಿದ. ಈಚೆಗೆ ದಿನಾ ಮಾಡುತ್ತಿದ್ದ. ಹೆಂಡತಿಯ ಎದುರು ಕೂತು, ತಾನು ಮುರಿದ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕಬ್ಬಿಣ ಕೆತ್ತಿ ಗಡುಸಾದ ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕತೊಡಗಿದ.

"ನೋವೈತೇನು?"

"ಇಲ್ಲ."

"ಇದನ್ನ ನಾನ ಮಾಡಿದ್ನಲ್ಲ," ಎಂದ, ಯಾರೋ ಬೇರೆಯವರ ಸುದ್ದಿ ಹೇಳುವವನಂತೆ. "ಯಾಕ ಮಾಡಿದೆ ಅಂತ ನೆನಪ ಐತಿ. ಸಾರಿಗೆ ಉಪ್ಪ ಕಡಿಮಿ ಆಗಿತ್ತು. ಆದ್ರ ಅಷ್ಟಕ್ಕ ಹೆಂಗ ಮಾಡಿದೆ ಅನ್ನೂದ ತಿಳೀವಲ್ದು."

ಮದುವೆಯಾದಾಗಿನಿಂದ ಅವಳು ಕಾದಿದ್ದ ಗಂಡ ಇವನೇ. ಇಷ್ಟು ತಡವಾಗಿ, ಒಂದು ಬಟ್ಟಲಿನಲ್ಲಿ ಬಂದಿದ್ದ. ಅತ್ತ ವಿಜಿ ಕನ್ನಡಿಯ ಮುಂದೆ ನಿಂತು, ನೀಲವ್ವ ಕಳಿಸಿದ ಹಸಿರು ಸೀರೆಯನ್ನು ಹೆಗಲ ಮೇಲೆ ಹಾಕಿ ನೋಡಿಕೊಳ್ಳುತ್ತಿದ್ದಳು. ಮುಖದಲ್ಲಿ ಸಂತೋಷವಿರಲಿಲ್ಲ, ದುಃಖವೂ ಇರಲಿಲ್ಲ.

ಎಣ್ಣೆ ಆರುವವರೆಗೆ ಶಾವಂತ್ರೆವ್ವ ಕೈಯನ್ನು ಹಾಗೇ ಅವನ ತೊಡೆಯ ಮೇಲೆ ಬಿಟ್ಟಿದ್ದಳು. ಆಮೇಲೆ ಎದ್ದು ಹಾಲು ಕಾಸಿದಳು. ಹಾಲು ಉಗುರುಬೆಚ್ಚಗಾದಾಗ ಸೀಸೆಯ ಮುಚ್ಚಳ ತೆಗೆದು ಗಡಿಗೆಗೆ ಬಗ್ಗಿಸಿದಳು.

*

ಓಣಿಗೆ ದನಿ ಮರಳಿ ಬಂತು. ಮೊದಲು ನಲ್ಲಿಯ ಹತ್ತಿರ ಒಂದು ಕೊಡ ಉರುಳಿತು. ಮರುದಿನ ಇಬ್ಬರು ಜಡೆ ಹಿಡಿದುಕೊಂಡರು. ಹುಲಿಗೆವ್ವ ಹಣೆಗೆ ಬಟ್ಟೆ ಕಟ್ಟಿಕೊಂಡು ಬಂದು, ಹೊಸ್ತಿಲಲ್ಲಿ ಕೂತು, "ಮತ್ತ ಗಡಿಗಿ ಒಡದಾನಕ್ಕಾ," ಎಂದು ಅತ್ತಳು. ಶಾವಂತ್ರೆವ್ವ ಅವಳ ಕಣ್ಣು ತಪ್ಪಿಸಿದಳು.

ಫಕೀರಪ್ಪ ತಾಟು ಎಸೆದದ್ದು ಒಂದು ಊಟದ ಹೊತ್ತಿನಲ್ಲಿ. ರೊಟ್ಟಿ ಆರಿತ್ತು. ತಾಟು ಅವಳ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಶಾವಂತ್ರೆವ್ವ ಬಗ್ಗಿ ಅದನ್ನೆತ್ತಿಕೊಂಡಳು.  ಅವಳ ಭಯದೊಳಗೇ ಒಂದು ಆಸೆಯಿತ್ತು: ಬಂದಿದೆ, ಝಳ ಮರಳಿ ಬಂದಿದೆ.

"ನಿಮ್ಮ ಅಕ್ಕಾರ ಬರೂ ದಿನಾ ಹತ್ರ ಬಂತು," ಎಂದಳು. "ಆ ಬಾವಿ ಮನೀಗೆ ನಮ್ಮ ಹುಡುಗೀನ..."

"ಬಾಯಿ ಮುಚ್ಚು!" ಅವನು ಎದ್ದು ನಿಂತ. "ನಾ ಮಾತ ಕೊಟ್ಟೇನಿ. ನಾಕ ಮಂದಿ ಮುಂದ ಕೊಟ್ಟೇನಿ. ಹಿಂದ ತಗೋ ಅಂತೀಯೇನು? ನಾ ಏನ ಗಂಡಸಲ್ಲೇನು?"

ಸಿಟ್ಟು ಮರಳಿ ಬಂದಿತ್ತು. ಆದರೆ ಅದು ಬರುವ ಹೊತ್ತಿಗೆ ಅವನು ಬೇರೆ ಕಡೆ ನಿಂತಿದ್ದ. ಶಾಂತನಾಗಿದ್ದವನು ಕೊಟ್ಟ ಮಾತನ್ನು ಸಿಟ್ಟಿನವನು ಕಾಯತೊಡಗಿದ್ದ.

ಶಾವಂತ್ರೆವ್ವ ಮಗಳ ಕಡೆ ತಿರುಗಿದಳು. ಗೋಡೆಯ ಮೇಲೆ ಸಾರು ಇಳಿಯುತ್ತಿತ್ತು. ವಿಜಿ ಬಟ್ಟೆ ತಂದು, ಮೊಣಕಾಲೂರಿ, ಅದನ್ನು ಒರೆಸುತ್ತಿದ್ದಳು.

"ಇರ್ಲಿ ಬಿಡವ್ವ," ಎಂದಳು. "ಅಪ್ಪಗ ಹಸಿವಾಗಿತ್ತು."

*

ಕೇಂದ್ರದ ಪರದೆಯ ಮೇಲೆ ನೀಲಿಯೂ ಬೂದೂ ಜೊತೆಯಾಗಿ ಮೇಲಕ್ಕೆ ಹತ್ತುತ್ತಿದ್ದವು. ಸೀಸೆ ಒಯ್ದವರು ಯಾರು ಎಂದು ಇನಾಮದಾರರು ಯಾಕೆ ಕೇಳುತ್ತಿಲ್ಲವೆಂದು ವಾರಿಜಾಳಿಗೆ ಅಚ್ಚರಿಯಾಗಿತ್ತು. ಈಗ ಅರ್ಥವಾಯಿತು. ಅವರು ಓಣಿಯ ಮನೆಮನೆಗೆ ವ್ಯಾನು ಕಳಿಸಿ ಎಲ್ಲರ ಸಿಟ್ಟನ್ನೂ ಅಳೆಸಿದ್ದರು. ಪರದೆಯ ಮೇಲೆ ಹೊಸದೊಂದು ಹಳದಿ ಗೆರೆ ಮೂಡಿಸಿದರು. ಅದು ಮೇಲೇಳದೆ, ಕೆಳಗೆ, ನೆಟ್ಟಗೆ ಮಲಗಿತ್ತು.

"ಇವು ಹುಡುಗ್ರದು. ಸಣ್ಣವರದು, ಹರೇದವರದು," ಎಂದರು. "ಹೊಟ್ಯಾಗ ಶಾಮಕ ಒಂದೂ ಉಳದಿಲ್ಲ. ಆದ್ರೂ ಸಿಟ್ಟು ಬಂದಿಲ್ಲ. ತಿಳೀತೇನು? ದೊಡ್ಡವರ ಮಿದುಳು ಕಟ್ಟಿ ಮುಗದಿರತೈತಿ. ಬಣ್ಣ ಬಳದ್ರ ಬಣ್ಣ, ತೊಳದ್ರ ಹೋತು. ಇವರದು ಇನ್ನೂ ಕಟ್ಟಾಕ ಹತ್ತಿರತೈತಿ. ಶಾಮಕಾನ ಇಟ್ಟಂಗಿ ಮಾಡಕೊಂಡ ಕಟ್ಟಿಬಿಟ್ಟಾವ. ಒಮ್ಮೆ ತಿಂದ್ರ ಸಾಕು, ಜೀವನಪೂರ್ತಿ." ಅವರ ದನಿ ಭಕ್ತಿಯಿಂದ ಇಳಿಯಿತು. "ಹೊಡದ ಕೋರ್ಟಿಗೆ ಬಂದವರಿಗೆ ಯಾಕ ಕೊಡಬೇಕ್ರೀ? ಸಾಲ್ಯಾಗ ಕೊಡಬೇಕು. ಮಧ್ಯಾಹ್ನದ ಊಟದಾಗ."

ವಾರಿಜಾಳ ಫೋನು ಗುಂಯ್‌ಗುಟ್ಟಿತು. ಅವಳು ಕಾರಿಡಾರಿಗೆ ಬಂದಳು.

"ಬಾಯಾರ," ಶಾವಂತ್ರೆವ್ವನ ದನಿ. "ಇಂದ ಮಧ್ಯಾಹ್ನ ನಿಶ್ಚಯ. ಆಕಿಗೆ ಇನ್ನೂ ಬಂದಿಲ್ಲ. ಯಾವಾಗ ಬರತೈತ್ರಿ?"

ವಾರಿಜಾ ಗೋಡೆಗೆ ಒರಗಿದಳು. ಹೇಳದೆ ಉಳಿಯುವ ದಾರಿ ಹುಡುಕಿದಳು, ಸಿಗಲಿಲ್ಲ.

"ಬರೂದಿಲ್ಲ ಶಾವಂತ್ರೆವ್ವ. ಆಕಿ ಇನ್ನ ಹಿಂಗ. ಯಾರ ಏನ ಹೇಳಿದ್ರೂ ಆತು ಅಂತಾಳ."

ಆ ಕಡೆಯಿಂದ ಉಸಿರಾಟ ಕೇಳಿಸಿತು. ದಮ್ಮಿನ ಉಸಿರು, ಶಿಳ್ಳೆಯಂತೆ.

"ಯಾರ ಹೇಳಿದ್ರೂ?"

"ಯಾರ ಹೇಳಿದ್ರೂ."

ಫೋನು ಕಟ್ಟಾಯಿತು.

*

ನೀಲವ್ವ ಐದು ಮಂದಿಯನ್ನು ಕರೆದುಕೊಂಡು ಬಂದಿದ್ದಳು. ಸಂಗನಬಸು ಗೋಡೆಗೆ ಬೆನ್ನು ಕೊಟ್ಟು ಕೂತು, ಇಸ್ತ್ರಿ ಮಾಡಿದ ತನ್ನ ಅಂಗಿಯ ತೋಳನ್ನು ಮತ್ತೆ ಮತ್ತೆ ನೇವರಿಸಿಕೊಳ್ಳುತ್ತಿದ್ದ. ತಟ್ಟೆಯಲ್ಲಿ ಎಲೆ ಅಡಿಕೆ, ರವಿಕೆಯ ಕಣ, ತೆಂಗಿನಕಾಯಿ. ವಿಜಿ ಹಸಿರು ಸೀರೆಯುಟ್ಟು ತಲೆ ತಗ್ಗಿಸದೆ, ಎತ್ತದೆ ಕೂತಿದ್ದಳು.

"ಹುಡುಗೀನ ಒಂದ ಮಾತ ಕೇಳಿಬಿಡ್ರಿ," ಎಂದರು ಬಂದವರಲ್ಲಿ ಹಿರಿಯರು. "ಹಿಂದಿನ ಸಲದಂಗ ಆಗೂದ ಬ್ಯಾಡ."

"ಆಕಿ ಶಾಣೇಕಿ ಆಗ್ಯಾಳ," ನೀಲವ್ವ ನಕ್ಕಳು. "ಕೇಳ್ರಿ, ಕೇಳ್ರಿ."

"ಏನವಾ, ನಮ್ಮ ಸಂಗನಬಸೂನ ಮಾಡಕೋತೀ?"

ವಿಜಿ ಬಾಯಿ ತೆರೆದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾವಂತ್ರೆವ್ವ ಗಂಡಸರ ನಡುವೆ ದಾಟಿ ಬಂದು ಮಗಳ ಎದುರು ಕೂತಳು. ಇಷ್ಟು ವರ್ಷ ಈ ಮನೆಯಲ್ಲಿ ಬಂದವರ ಮುಂದೆ ಅವಳು ಮಾತಾಡಿದ್ದೇ ಇಲ್ಲ. ಚಹಾ ಇಟ್ಟು ಒಳಗೆ ಹೋಗುವವಳು.

"ವಿಜೀ, ನನ್ನ ಮಾರಿ ನೋಡು."

ವಿಜಿ ನೋಡಿದಳು.

"ಒಳಗ ನಡಿ ಲೇ," ಎಂದ ಫಕೀರಪ್ಪ. ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು.

ಶಾವಂತ್ರೆವ್ವ ಹಿಂತಿರುಗಲಿಲ್ಲ. ಅವಳ ಪಕ್ಕೆಲುಬಿನ ಕೆಳಗೆ ಏನೋ ಎದ್ದಿತ್ತು. ಮೊಸರು ಮುಟ್ಟದ, ಯಾವ ಸೀಸೆಯ ಹಂಗೂ ಇಲ್ಲದ ಹೊಟ್ಟೆಯಲ್ಲಿ ಅದು ಇಷ್ಟು ದಿನ ಎಲ್ಲಿ ಮಲಗಿತ್ತೋ. ಅವಳು ಮಗಳ ಗಲ್ಲ ಹಿಡಿದು, ಕೂಸಿಗೆ ಮಾತು ಕಲಿಸುವಾಗ ಹೇಳುವಂತೆ, ಬಿಡಿಬಿಡಿಯಾಗಿ ಹೇಳಿದಳು.

"ನಾ ಒಲ್ಲೆ. ಅನ್ನು. ನಾ ಒಲ್ಲೆ."

ಸಂಗನಬಸು ನೆಟ್ಟಗೆ ಕೂತ. ನೀಲವ್ವ "ಏನಿದು ನಾಟಕ?" ಎಂದು ಎದ್ದಳು. ಫಕೀರಪ್ಪನ ಕೈ ಹೆಂಡತಿಯ ಜಡೆಗೆ ಬಿತ್ತು, ತಲೆ ಹಿಂದಕ್ಕೆ ಜಗ್ಗಿತು. ಶಾವಂತ್ರೆವ್ವ ಗಲ್ಲ ಬಿಡಲಿಲ್ಲ.

"ಅನ್ನವ್ವಾ."

ವಿಜಿ ತಾಯಿಯ ಮುಖವನ್ನು, ಅದರ ಹಿಂದೆ ಮೇಲೆದ್ದ ತಂದೆಯ ಕೈಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ಅಲೆಯೇಳಲಿಲ್ಲ. ಬೇಡಿದ್ದನ್ನು ಕೊಡುವವಳ ಸರಳ ಮುಗುಳ್ನಗೆಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಆತವ್ವ. ನಾ ಒಲ್ಲೆ."

ತೆಂಗಿನಕಾಯಿ ತಟ್ಟೆಯಿಂದ ಉರುಳಿತು. ಬಂದವರು ಚಪ್ಪಲಿ ಮೆಟ್ಟುತ್ತಿದ್ದರು. ಹೊಡೆತಗಳು ಬೆನ್ನ ಮೇಲೆ ಬೀಳುತ್ತಿದ್ದಾಗ ಶಾವಂತ್ರೆವ್ವ ಮಗಳ ಮುಂದೆ ಅಡ್ಡಲಾಗಿ ಕೂತೇ ಇದ್ದಳು. ಇನ್ನು ಮೇಲೆ ಬದುಕಿರುವತನಕ, ಯಾರೇ ಬಂದು ಏನೇ ಕೇಳಲಿ, ಈ ಹುಡುಗಿಯ ಕಿವಿಗೆ ಬೀಳುವ ಕೊನೆಯ ಮಾತು ತನ್ನದೇ ಆಗಿರಬೇಕು ಎಂದುಕೊಳ್ಳುತ್ತಿದ್ದಳು.